ಒಂದೇ ತೋಟದ ಕಾಫಿ, ಒಂದೇ ಮರದ ಸೇಂದಿ

ಬೆಂಗಳೂರಿನ ಬ್ರೂಪಬ್ ಒಂದರ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಬಿಯರಿನ ಹೆಸರು ಉದ್ದವಾಗಿತ್ತು: ಬಾಬಾಬುಡನ್‌ಗಿರಿಯ ಸಿಂಗಲ್ ಒರಿಜಿನ್ ಅರೇಬಿಕಾ ಕಾಫಿ ಹಾಕಿದ ಬ್ರೌನ್ ಏಲ್. ಸಿಂಗಲ್ ಒರಿಜಿನ್ ಎಂದರೆ ಒಂದೇ ಸೀಮೆಯ, ಕೆಲವೊಮ್ಮೆ ಒಂದೇ ತೋಟದ ಬೀಜ. ಬೇರೆ ಕಡೆಯದನ್ನು ಬೆರೆಸಿಲ್ಲ ಎಂಬ ಮಾತು. ಗ್ಲಾಸು ಬಂತು. ಬಣ್ಣ ಹಳೇ ಬೆಲ್ಲದ್ದು, ಮೇಲೆ ತೆಳು ಕಂದು ನೊರೆ. ಮೂಗಿಗೆ ಮೊದಲು ಹುರಿದ ಕಾಫಿ, ಅದರ ಹಿಂದೆ ಶೇಂಗಾ ಹುರಿಯುವಾಗ ಏಳುವ ವಾಸನೆ. ಗುಟುಕರಿಸಿದರೆ ಬೆಲ್ಲದ ಪಾಕ ಸ್ವಲ್ಪ ಹತ್ತಿದಂತಹ ಸಿಹಿ, ನಡುವೆ ಕಾಫಿಯ ಎಳೆಹುಳಿ, ಕೊನೆಗೆ ನಾಲಗೆಯ ಬುಡದಲ್ಲಿ ನಿಲ್ಲುವ ಕಹಿ. ಒಳ್ಳೆಯ ಪಾನೀಯ, ಅದರಲ್ಲಿ ತಕರಾರಿಲ್ಲ. ಆದರೆ ಚಂದಾಪುರದಂತಹ ಊರಿನಿಂದ ಹೋದವನಿಗೆ ಆ ಹಲಗೆ ಒಂದು ಪ್ರಶ್ನೆಯನ್ನೂ ಕೇಳುತ್ತದೆ. ಕುಡಿಯುವ ವಸ್ತುವಿಗೆ ಹುಟ್ಟಿದ ನೆಲದ ಹೆಸರು ಯಾವಾಗ ಅಂಟಿಕೊಳ್ಳುತ್ತದೆ? ಯಾವಾಗ ಕಳಚಿಹೋಗುತ್ತದೆ? ಅದನ್ನು ಅಂಟಿಸುವವರು, ಕೀಳುವವರು ಯಾರು?

ಮೊದಲು ಬ್ರೌನ್ ಏಲ್ ಕತೆಯನ್ನೇ ನೋಡೋಣ. ಇದು ಇಂಗ್ಲೆಂಡಿನ ಬಿಯರು. ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯನ್ನು, ಅಂದರೆ ಮಾಲ್ಟನ್ನು, ಹೆಚ್ಚು ಕಡಿಮೆ ಹುರಿದು ಅದರ ಬಣ್ಣ ರುಚಿಗಳನ್ನು ಹೊಂದಿಸುತ್ತಾರೆ. ಈ ಬಗೆಯ ಬಿಯರುಗಳಲ್ಲಿ ಹೆಚ್ಚು ಹೆಸರಾದದ್ದು ನ್ಯೂಕ್ಯಾಸಲ್ ಬ್ರೌನ್ ಏಲ್. ಟೈನ್ ನದಿಯ ದಡದ ನ್ಯೂಕ್ಯಾಸಲ್ ಪಟ್ಟಣದಲ್ಲಿ 1927ರಲ್ಲಿ ಮಾರಾಟಕ್ಕೆ ಬಂದ ಇದು ಅಲ್ಲಿಯ ಕಾರ್ಖಾನೆ ಕೆಲಸಗಾರರ ಗ್ಲಾಸಾಯಿತು. 2000ದಲ್ಲಿ ಯುರೋಪಿಯನ್ ಒಕ್ಕೂಟ ಇದಕ್ಕೆ ಭೌಗೋಳಿಕ ಸೂಚಕದ ರಕ್ಷಣೆ ಕೊಟ್ಟಿತು: ಈ ಹೆಸರಿನ ಬಿಯರನ್ನು ನ್ಯೂಕ್ಯಾಸಲ್‌ನಲ್ಲಿ ಮಾತ್ರ ತಯಾರಿಸಬೇಕು. ಐದೇ ವರ್ಷಕ್ಕೆ ಕಂಪನಿ ಹಳೆಯ ಬ್ರೂವರಿಯನ್ನು ಮುಚ್ಚಿ, ನದಿಯಾಚೆಯ ಗೇಟ್ಸ್‌ಹೆಡ್‌ಗೆ ಕೆಲಸವನ್ನು ಸಾಗಿಸಿತು. ನದಿ ದಾಟಿದ್ದರಿಂದ ಅದು ಕಾನೂನಿನ ಪ್ರಕಾರ ನ್ಯೂಕ್ಯಾಸಲ್ ಬಿಯರ್ ಆಗಿ ಉಳಿಯಲಿಲ್ಲ. ಕೊನೆಗೆ ಕಂಪನಿಯೇ ಅರ್ಜಿ ಹಾಕಿಕೊಂಡು 2007ರಲ್ಲಿ ಆ ರಕ್ಷಣೆಯನ್ನು ರದ್ದು ಮಾಡಿಸಿತು. ಬಾಟಲಿಯ ಮೇಲಿನ ಹೆಸರು ಮಾತ್ರ ಹಾಗೇ ಉಳಿಯಿತು. ಮುಂದೆ 2010ರಲ್ಲಿ ತಯಾರಿಕೆ ಯಾರ್ಕ್‌ಷೈರಿಗೆ ಹೋಯಿತು.

ಇದನ್ನು ಓದಿದಾಗ ನಮ್ಮವರಿಗೆ ನಗು ಬಂದೀತು. ಮುಲ್ಲಾಮಾರಿಯ ಈಚೆಗೆ ಚಂದಾಪುರ, ಆಚೆಗೆ ಚಿಂಚೋಳಿ. ಸೇತುವೆ ದಾಟಿದರೆ ಹೆಸರು ಬದಲಾಗುತ್ತದೆ, ನೀರು ಅದೇ, ಜೋಳದ ರೊಟ್ಟಿ ಅದೇ. ಆದರೆ ನದಿಯೊಂದು, ಗಡಿಯೊಂದು ಪಾನೀಯದ ಹಣೆಬರಹವನ್ನು ಬದಲಿಸಬಲ್ಲದು ಎಂಬುದು ನಮ್ಮಲ್ಲೂ ನಗುವ ಮಾತಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಬಿಯರಿಗೂ ಕಾಫಿಗೂ ನಂಟು ಹೊಸದೆಂದು ತೋರುತ್ತದೆ, ಆದರೆ ಅದು ಹಳೆಯದು. 1817ರಲ್ಲಿ ಡೇನಿಯಲ್ ವೀಲರ್ ಎಂಬ ಇಂಗ್ಲಿಷಿನವನು ಮಾಲ್ಟನ್ನು ಹುರಿಯುವ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದ. ಬೆಂಕಿಯ ಮೇಲೆ ತಿರುಗುವ ಕಬ್ಬಿಣದ ಉರುಳೆ. ಒಳಗೆ ಹಾಕಿದ ಕಾಳು ಸುಟ್ಟುಹೋಗದೆ ಕರ‍್ರಗೆ ಹುರಿಯುತ್ತದೆ. ಕಾಫಿ ಹುರಿಯುವ ಉರುಳೆಯದೇ ಬಗೆ ಇದು. ಕಪ್ಪು ಬಿಯರುಗಳಲ್ಲಿ ಒಂದು ಹನಿ ಕಾಫಿ ಇಲ್ಲದಿದ್ದರೂ ಕಾಫಿಯ ನೆನಪು ಬರುವುದು ಈ ಹುರಿಯುವಿಕೆಯಿಂದ. ನಿಜವಾದ ಕಾಫಿಯನ್ನೇ ಹಾಕಿದ್ದು ತೀರ ಈಚೆಗೆ, ಅಮೆರಿಕದ ಸಣ್ಣ ಬ್ರೂವರಿಗಳು 1990ರ ದಶಕದಲ್ಲಿ ಅದನ್ನು ಜನಪ್ರಿಯ ಮಾಡಿದವು. ಕಾಫಿ ಹಾಕುವುದೂ ಒಂದು ಹದದ ಕೆಲಸ. ಮಾಲ್ಟಿನ ರಸದ ಜೊತೆ ಕುದಿಸಿದರೆ ಒರಟು ಕಹಿ ಬಿಡುತ್ತದೆ. ಆದ್ದರಿಂದ ಹುದುಗು ಮುಗಿದ ಮೇಲೆ ತಣ್ಣಗಿನ ಬಿಯರಿಗೆ ತಣ್ಣೀರಿನ ಡಿಕಾಕ್ಷನ್ ಸೇರಿಸುತ್ತಾರೆ, ಇಲ್ಲವೆ ಹುರಿದ ಬೀಜಗಳನ್ನೇ ಚೀಲ ಕಟ್ಟಿ ಇಳಿಬಿಡುತ್ತಾರೆ. ಬೀಜ ಹೆಚ್ಚು ಹೊತ್ತು ಉಳಿದರೆ ಬಿಯರಿಗೆ ಹಸಿ ದೊಣ್ಣಮೆಣಸಿನಕಾಯಿಯ ವಾಸನೆ ಹತ್ತುತ್ತದೆ. ನಾನು ಕುಡಿದ ಗ್ಲಾಸಿನಲ್ಲಿ ಅದು ಇರಲಿಲ್ಲ. ಯಾರೋ ಸಮಯ ನೋಡಿ ಚೀಲ ಎತ್ತಿದ್ದರು.

ಇನ್ನು ಬಾಬಾಬುಡನ್‌ಗಿರಿ. ಯೆಮನ್ನಿನವರು ಮೊಳೆಯುವ ಬೀಜ ಹೊರಗೆ ಹೋಗದಂತೆ ಕಾಪಾಡುತ್ತಿದ್ದ ಕಾಲದಲ್ಲಿ, 17ನೇ ಶತಮಾನದಲ್ಲಿ, ಹಜ್ ಯಾತ್ರೆ ಮುಗಿಸಿ ಬಂದ ಬಾಬಾ ಬುಡನ್ ಏಳು ಬೀಜಗಳನ್ನು ಮರೆಮಾಡಿ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಎಂಬುದು ಎಲ್ಲರೂ ಬಲ್ಲ ಕತೆ. ಒಂದು ನೆಲದ ಹಕ್ಕು ಮುರಿದೇ ನಮ್ಮ ಕಾಫಿ ಶುರುವಾಯಿತು ಎಂಬುದನ್ನು ಮಾತ್ರ ಮರೆಯುತ್ತೇವೆ. ಅದಕ್ಕಿಂತ ಕಡಿಮೆ ಜನರಿಗೆ ನೆನಪಿರುವುದು ಇನ್ನೊಂದು ಸಂಗತಿ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬೆಳೆಗಾರರನ್ನು ಉಳಿಸಲು ಸರ್ಕಾರ ಮುಂದೆ ಬಂತು. 1942ರ ಕಾಫಿ ಕಾಯಿದೆಯಡಿ ಎಲ್ಲರ ಬೆಳೆಯೂ ಕಾಫಿ ಮಂಡಳಿಯ ಒಂದೇ ಕಣಜಕ್ಕೆ ಸೇರತೊಡಗಿತು. ಅದನ್ನು ಪೂಲ್ ಎನ್ನುತ್ತಿದ್ದರು. ಅಲ್ಲಿ ಬೀಜದ ದರ್ಜೆಗೆ ಬೆಲೆಯಿತ್ತು, ತೋಟದ ಹೆಸರಿಗೆ ಇರಲಿಲ್ಲ. ಗಿರಿಯ ನೆತ್ತಿಯ ಕಾಫಿಯೂ ತಗ್ಗಿನ ಕಾಫಿಯೂ ಒಂದೇ ದರ್ಜೆಯದಾದರೆ ಒಂದೇ ರಾಶಿ. ಪೂಲ್ ಸಣ್ಣ ಬೆಳೆಗಾರನಿಗೆ ಆಸರೆಯಾಯಿತು, ನಿಜ. ಆದರೆ ಐವತ್ತು ವರ್ಷ ಸಿಂಗಲ್ ಒರಿಜಿನ್ ಎಂಬ ಮಾತೇ ಸಾಧ್ಯವಿರಲಿಲ್ಲ. 1992ರಿಂದ ನಿಯಮಗಳು ಹಂತಹಂತವಾಗಿ ಸಡಿಲಗೊಂಡವು. 1996ರ ಹೊತ್ತಿಗೆ ಬೆಳೆಗಾರ ತನ್ನ ಬೆಳೆಯನ್ನು ತಾನೇ ಮಾರುವಂತಾದ. 2019ರಲ್ಲಿ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗಿನ ಅರೇಬಿಕಾಗಳಿಗೆ ಭೌಗೋಳಿಕ ಸೂಚಕ ಸಿಕ್ಕಿತು. ಅಂದರೆ ಕರಿಹಲಗೆಯ ಮೇಲಿನ ಆ ಹೆಸರು ಬೆಟ್ಟದಿಂದ ತಾನಾಗಿ ಇಳಿದು ಬಂದದ್ದಲ್ಲ. ಒಂದು ಕಾನೂನು ಅದನ್ನು ಅಳಿಸಿತ್ತು, ಇನ್ನೊಂದು ಕಾನೂನು ಮರಳಿ ಬರೆಯಿತು.

ಗ್ಲಾಸಿನಲ್ಲಿ ಉಳಿದದ್ದಕ್ಕೆ ಊರಿಲ್ಲ ಎಂಬುದನ್ನೂ ಗಮನಿಸಬೇಕು. ನಮ್ಮ ದೇಶದಲ್ಲಿ ಬಿಯರಿನ ಜವೆಗೋಧಿ ಬೆಳೆಯುವುದು ಹೆಚ್ಚಾಗಿ ರಾಜಸ್ಥಾನ, ಹರಿಯಾಣದ ಕಡೆ. ವಿಶೇಷ ಮಾಲ್ಟುಗಳೂ ಕಹಿ ಕೊಡುವ ಹಾಪ್ಸ್ ಹೂವೂ ಹೊರದೇಶದಿಂದ ಬರುತ್ತವೆ. ಹುದುಗು ಪ್ರಯೋಗಾಲಯದ ಪೊಟ್ಟಣದ್ದು. ಹುಟ್ಟೂರನ್ನು ಹೇಳಿಕೊಳ್ಳುತ್ತಿರುವುದು ಕೊನೆಗೆ ಇಳಿಬಿಟ್ಟ ಹಿಡಿ ಬೀಜ ಮಾತ್ರ.

ಚಿಂಚೋಳಿ, ಸೇಡಂ, ಚಿತ್ತಾಪುರದ ಸೀಮೆಯಲ್ಲಿ ಕಾಫಿಯೂ ಇಲ್ಲ, ಬಿಯರಿನ ಕಾಳೂ ಇಲ್ಲ. ವಾಡಿ ಜಂಕ್ಷನ್ನಿನಲ್ಲಿ ರೈಲು ನಿಂತರೆ ಕಿವಿಗೆ ಬೀಳುವುದು ಚಹಾದ ಕೂಗು. ನೆಲದ ಹೆಸರು ಹೊತ್ತ ವಸ್ತುಗಳು ನಮ್ಮಲ್ಲಿ ಇಲ್ಲವೆಂದಲ್ಲ. ಶಹಾಬಾದಿನ ಫರಸಿ ಕಲ್ಲು ನಾಡಿನ ಎಷ್ಟೋ ಮನೆಗಳ ನೆಲವಾಗಿದೆ. ಗಿರಿಯ ಕಾಫಿಗೆ ಸೂಚಕ ಸಿಕ್ಕ ಅದೇ 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೂ ಸಿಕ್ಕಿತು. ಕುಡಿಯುವ ವಸ್ತುವಿನ ಮಾತು ಬಂದರೆ ಈ ಸೀಮೆಯದು ಒಂದೇ: ಹಳ್ಳದ ದಂಡೆ, ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಈಚಲು ಮರದ ಸೇಂದಿ.

ಈ ಸೀಮೆ ಕುಡಿತದ ಬಗ್ಗೆ ಯೋಚಿಸಿದ್ದು ಇಂದು ನಿನ್ನೆಯಲ್ಲ. ಶಹಾಬಾದ್ ಬಳಿಯ ಮರತೂರು ವಿಜ್ಞಾನೇಶ್ವರನ ಊರು ಎನ್ನುತ್ತಾರೆ. ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಮಿತಾಕ್ಷರ ವ್ಯಾಖ್ಯಾನ ಹಿಂದೂ ಆಸ್ತಿಹಕ್ಕಿನ ಆಧಾರವಾಗಿ ಬ್ರಿಟಿಷರ ನ್ಯಾಯಾಲಯಗಳವರೆಗೂ ಬಾಳಿತು. ಅದರ ಪ್ರಾಯಶ್ಚಿತ್ತದ ಭಾಗದಲ್ಲಿ ಸುರೆಯ ಚರ್ಚೆ ಬರುತ್ತದೆ. ಧರ್ಮಶಾಸ್ತ್ರ ಸುರೆಯನ್ನು ಮೂರು ಬಗೆ ಮಾಡುತ್ತದೆ: ಬೆಲ್ಲದ್ದು ಗೌಡಿ, ಹಿಟ್ಟಿನದು ಪೈಷ್ಟಿ, ಮಧುವಿನದು ಮಾಧ್ವಿ. ವಿಜ್ಞಾನೇಶ್ವರನ ಪ್ರಕಾರ ಸುರೆ ಎಂಬ ಮಾತಿಗೆ ಮುಖ್ಯ ಅರ್ಥ ಪೈಷ್ಟಿ, ಅಂದರೆ ಕಾಳಿನ ಹಿಟ್ಟಿನಿಂದ ಹುಳಿಬರಿಸಿದ್ದು. ಮಹಾಪಾತಕ ತಟ್ಟುವುದು ಅದಕ್ಕೆ. ಉಳಿದ ಮದ್ಯಗಳ ಮಾತು ಬಂದಾಗ ಕುಡಿಯುವವನ ವರ್ಣ ಯಾವುದೆಂದು ನೋಡಿ ತೀರ್ಪು: ಬ್ರಾಹ್ಮಣನಿಗೆ ಎಲ್ಲವೂ ನಿಷಿದ್ಧ, ಕ್ಷತ್ರಿಯ ವೈಶ್ಯರಿಗೆ ಸಡಿಲಿಕೆಯುಂಟು. ಆ ಲೆಕ್ಕದಲ್ಲಿ ಇಂದಿನ ಬಿಯರು, ಅದು ಎಷ್ಟೇ ದುಬಾರಿಯದಾಗಲಿ, ಪೈಷ್ಟಿಯೇ. ಪಟ್ಟಿಯ ತುದಿಯ ಪಾಪ. ಮರದಿಂದ ಇಳಿಸಿದ ರಸ ಅದಕ್ಕಿಂತ ಎಷ್ಟೋ ಹಗುರ. ಒಂಬೈನೂರು ವರ್ಷದಲ್ಲಿ ಪಟ್ಟಿ ತಲೆಕೆಳಗಾಗಿದೆ. ಬದಲಾಗದೆ ಉಳಿದದ್ದು ಗಡಿಗೆಯಲ್ಲಿ ಏನಿದೆ ಎನ್ನುವುದರ ಜೊತೆಗೆ ಅದನ್ನು ಹಿಡಿದವರು ಯಾರು ಎಂದೂ ನೋಡುವ ಅಭ್ಯಾಸ.

ವಿಕ್ರಮಾದಿತ್ಯನ ಮಗ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅರಮನೆಯ ಮದಿರಾಪಾನವನ್ನು ಒಂದು ಕ್ರೀಡೆಯಾಗಿ ವರ್ಣಿಸಲಾಗಿದೆ. ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ, ಶರಣರ ಸಾಲಿಗೆ ಹೆಂಡದ ಮಾರಯ್ಯನೂ ಸೇರಿದ. ಹೆಂಡ ಮಾರುವುದು ಅವನ ಕಾಯಕ, ಧರ್ಮೇಶ್ವರಲಿಂಗ ಅವನ ಅಂಕಿತ. ತನ್ನ ಕಸುಬಿನ ಮಾತುಗಳನ್ನೇ ಎತ್ತಿಕೊಂಡು ಅವನು ವಚನ ಕಟ್ಟಿದ. ಹೆಸರಿನಿಂದ ಹೆಂಡವನ್ನು ಕಿತ್ತುಹಾಕದೆ ಅವನನ್ನು ಶರಣನೆಂದು ಕರೆದದ್ದು ಆ ಕಾಲದ ದೊಡ್ಡ ಮಾತು. ಚಂದಾಪುರದಿಂದ ವಾಯವ್ಯಕ್ಕೆ, ಬಸ್ಸಿನಲ್ಲಿ ಎರಡು ಮೂರು ತಾಸಿನ ದೂರದಲ್ಲಿ ನಡೆದದ್ದು ಇದು.

ಮುಂದೆ ನಿಜಾಮರ ಆಡಳಿತ ಬಂದಾಗ ಸೇಂದಿ ಅಬಕಾರಿ ಖಾತೆಯ ವಸ್ತುವಾಯಿತು. ಹೈದರಾಬಾದ್ ಸಂಸ್ಥಾನದ ದೊಡ್ಡ ಆದಾಯಗಳಲ್ಲಿ ಅಬಕಾರಿಯೂ ಒಂದು. ಸೇಂದಿ ಇಳಿಸುವ ಮರಕ್ಕೆ ತೆರಿಗೆ, ಮಾರುವ ಅಂಗಡಿಗೆ ಹರಾಜು. ಕಸುಬಿನ ಈಡಿಗರು ಗುತ್ತಿಗೆದಾರನ ಕೈಕೆಳಗೆ ಬಂದರು. ಹೊಲದ ಬದುವಿನ ಮರ ಹೊಲದವನದೋ ಹತ್ತುವವನದೋ ಎಂಬ ಪ್ರಶ್ನೆಗೆ ಸರ್ಕಾರ ಮೂರನೆಯ ಉತ್ತರ ಕೊಟ್ಟಿತ್ತು: ರಸ ಖಜಾನೆಯದು. ಆದರೂ ಆ ವ್ಯವಸ್ಥೆಗೆ ಒಂದು ಗುಣವಿತ್ತು. ತೆರಿಗೆ ಮರದ ಮೇಲೆ ಇದ್ದುದರಿಂದ ಮರಗಳನ್ನು ಎಣಿಸಲೇಬೇಕಿತ್ತು. ಯಾವ ರಸ ಯಾವ ಮರದ್ದು ಎಂದು ಲೆಕ್ಕವಿಡುವ ರೂಢಿಯನ್ನು ಇಂದಿನ ಕಾಫಿ ತೋಟಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಇಲ್ಲಿ ಅದು ತೆರಿಗೆಗಾಗಿ ಇತ್ತು.

ಹಾಗೆ ನೋಡಿದರೆ ಸೇಂದಿಗಿಂತ ಖಚಿತವಾದ ಸಿಂಗಲ್ ಒರಿಜಿನ್ ಪಾನೀಯ ಇನ್ನೊಂದಿಲ್ಲ. ಈಚಲ ಮರದ ನೆತ್ತಿಯಲ್ಲಿ ಗರಿಗಳ ಬುಡವನ್ನು ಸವರಿ, ಎಳೆಯ ಕಾಂಡವನ್ನು ತೆಳುವಾಗಿ ಕೆತ್ತಿ, ರಸ ಜಿನುಗುವ ಕಡೆ ಗಡಿಗೆ ಕಟ್ಟುತ್ತಾರೆ. ಕೆತ್ತು ಆಳವಾದರೆ ಮರ ಸೊರಗುತ್ತದೆ. ಆದ್ದರಿಂದ ಒಂದು ಮರಕ್ಕೆ ಸರದಿಯ ವಿರಾಮ ಬೇಕು. ಇರುಳಿಡೀ ತೊಟ್ಟಿಕ್ಕಿದ ರಸ ಸೂರ್ಯ ಹುಟ್ಟುವ ಮೊದಲು ಸಿಹಿ ನೀರಾ. ಗಾಳಿಯಲ್ಲೂ ಗಡಿಗೆಯಲ್ಲೂ ಇರುವ ಹುದುಗು, ಅಂದರೆ ಬಿಯರಿಗೆ ಹಾಕುವ ಯೀಸ್ಟಿನ ಬಳಗವೇ, ಅದನ್ನು ಕೆಲವೇ ತಾಸಿನಲ್ಲಿ ಸೇಂದಿ ಮಾಡುತ್ತದೆ. ಮಧ್ಯಾಹ್ನಕ್ಕೆ ನೊರೆ, ಸಂಜೆಗೆ ಹುಳಿ, ಮರುದಿನ ಶಿರಕಾದ ದಾರಿ. ಮದ್ಯಸಾರದ ಪ್ರಮಾಣ ಹೆಚ್ಚುಕಡಿಮೆ ಬಿಯರಿನಷ್ಟೇ. ಈ ಮರದ್ದು ತುಸು ಒಗರು, ಹಳ್ಳದಂಚಿನದು ನೀರು ನೀರು ಎಂದು ಗುರುತಿಸಬಲ್ಲ ನಾಲಗೆಗಳು ನಮ್ಮ ಹಳ್ಳಿಗಳಲ್ಲಿದ್ದವು. ಅವರನ್ನು ಯಾರೂ ರುಚಿಪರೀಕ್ಷಕರೆಂದು ಕರೆಯಲಿಲ್ಲ, ಕುಡುಕರೆಂದು ಕರೆದರು.

ಈಗ ಗಡಿಯ ಮಾತಿಗೆ ಬರಬಹುದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಅಲ್ಲಿ ಸೇಂದಿ ಇಳಿಸುವವರ ಸಹಕಾರ ಸಂಘಗಳು ಬೆಳೆದವು. ತೆಲಂಗಾಣದಲ್ಲಿ ಇವತ್ತಿಗೂ ಪರವಾನಗಿ ಪಡೆದು ಈಚಲು, ತಾಳೆ ಮರಗಳಿಂದ ಕಳ್ಳು ಇಳಿಸುತ್ತಾರೆ. ಕರ್ನಾಟಕದಲ್ಲಿ ಕರಾವಳಿಯ ದಕ್ಷಿಣ ಕನ್ನಡ, ಉಡುಪಿಯವರಿಗೆ ಆ ಅವಕಾಶವಿದೆ, ನಮ್ಮ ಕಡೆ ಇಲ್ಲ. 2017ರಲ್ಲಿ ನೀರಾಕ್ಕೆ ನಿಯಮ ಬಂತು, ಅದು ತೆಂಗಿನ ರೈತರನ್ನು ನೋಡಿ ಮಾಡಿದ್ದು. ಒಂದೇ ಜಿಲ್ಲೆಯಾಗಿದ್ದ ನೆಲದಲ್ಲಿ, ಒಂದೇ ಜಾತಿಯ ಮರ ಗಡಿಕಲ್ಲಿನ ಆಚೆಗೆ ಕಸುಬು, ಈಚೆಗೆ ಅಪರಾಧ. ಟೈನ್ ನದಿ ದಾಟಿದ ಬಿಯರಿಗೆ ಹೋದದ್ದು ಒಂದು ಪ್ರಮಾಣಪತ್ರ. ಇಲ್ಲಿ ಹೋದದ್ದು ಒಂದು ಸಮುದಾಯದ ಅನ್ನ.

ನಿಷೇಧಕ್ಕೆ ಕಾರಣವಿಲ್ಲದಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮರ ಕಡಿಮೆಯಾಗಿ ಕುಡಿಯುವವರು ಹೆಚ್ಚಾದಾಗ ಸೇಂದಿಗೆ ನೀರು, ಸಕ್ಕರೆ, ಸ್ಯಾಕರಿನ್ ಬಂತು. ಅಮಲಿಗೆ ಸಿ.ಎಚ್. ಪೌಡರ್ ಬಂತು. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್, ಹಿಂದೆ ನಿದ್ದೆಗೆ ಕೊಡುತ್ತಿದ್ದ ರಾಸಾಯನಿಕ. ಅದರ ಚಟ ಹತ್ತಿದವನಿಗೆ ಬಿಟ್ಟರೆ ನಡುಕ, ಕನವರಿಕೆ; ಕುಡಿಯುತ್ತಾ ಹೋದರೆ ದೇಹ ಕುಸಿಯುತ್ತದೆ. ಗಡಿ ದಾಟಿ ಬರುವ ಕಲಬೆರಕೆ ಸೇಂದಿಯನ್ನು ಹಿಡಿದ ಸುದ್ದಿ ಕಲಬುರಗಿ, ರಾಯಚೂರಿನ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬರುತ್ತದೆ. ಈ ಪುಡಿಯ ದ್ರವಕ್ಕೆ ಮರವೂ ಇಲ್ಲ, ಊರೂ ಇಲ್ಲ, ಮಾಡಿದವನ ಹೆಸರೂ ಇಲ್ಲ. ಪರವಾನಗಿ ಪಡೆದ ಮರ ಹೋದ ಮೇಲೂ ಹೆಸರಿಲ್ಲದ ಈ ಪ್ಯಾಕೆಟ್ಟು ಹೋಗಲಿಲ್ಲ.

ಸಾರಾಯಿಯ ಕತೆಯೂ ಇದೇ ದಾರಿಯದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಸಾರಾಯಿ ಹಾಳುಮಾಡಿದ ಮನೆಗಳನ್ನು ಕಂಡವರಿಗೆ ಅದು ನೆಮ್ಮದಿಯ ದಿನ. ಆದರೆ ಕುಡಿಯುವವನು ಅಗ್ಗದ ವಿಸ್ಕಿಯ ಕಡೆ ಹೊರಳಿದ. ಅಬಕಾರಿ ಆದಾಯ ಏರುತ್ತಾ ಹೋಗಿ ಈಚಿನ ವರ್ಷಗಳಲ್ಲಿ 30,000 ಕೋಟಿ ರೂಪಾಯಿ ದಾಟಿದೆ. ಬೆಂಗಳೂರಿನಲ್ಲಿ 2010ರ ಆಸುಪಾಸು ಸ್ಥಳದಲ್ಲೇ ಬಿಯರ್ ತಯಾರಿಸಿ ಬಡಿಸುವ ಬ್ರೂಪಬ್‌ಗಳಿಗೆ ದಾರಿ ತೆರೆಯಿತು. ಆ ಊರಿಗೆ ಬಿಯರಿನ ಹಿನ್ನೆಲೆಯೂ ಇತ್ತು: ದಂಡು ಪ್ರದೇಶದ ಗೋರಾ ಸೈನಿಕರಿಗಾಗಿ ಹುಟ್ಟಿದ ಬ್ರೂವರಿಗಳು, 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಐದನ್ನು ಒಗ್ಗೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್. ಸ್ಥಳೀಯ, ತಾಜಾ, ಕೈಕಸುಬಿನ ಪಾನೀಯ ಎಂಬ ವರ್ಣನೆ ಈ ಹೊಸ ಬಿಯರಿಗೆ ಒಪ್ಪಿತು. ಸೇಂದಿಗೆ ಅದೇ ಮೂರು ಮಾತುಗಳು ಅದಕ್ಕಿಂತ ಚೆನ್ನಾಗಿ ಒಪ್ಪುತ್ತಿದ್ದವು. ಅವನ್ನು ಬರೆಯಲು ಅದಕ್ಕೆ ಹಲಗೆ ಇರಲಿಲ್ಲ.

ಬೆಂಗಳೂರಿನ ದಾರಿಯಲ್ಲಿ ಎರಡು ಪಾದಯಾತ್ರೆಗಳು ನಡೆದವು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ರಾಜಧಾನಿಗೆ ನಡೆದು ಬಂದು ಮದ್ಯ ನಿಷೇಧಿಸಿರೆಂದು ಕೇಳಿದರು. ಅವರಲ್ಲಿ ರಾಯಚೂರು ಮತ್ತು ನಮ್ಮ ಕಲ್ಯಾಣ ಕರ್ನಾಟಕದವರು ಬಹಳ. 2023ರ ಆರಂಭದಲ್ಲಿ ಚಿತ್ತಾಪುರ ತಾಲ್ಲೂಕಿನ ಕರದಾಳದ ನಾರಾಯಣಗುರು ಶಕ್ತಿಪೀಠದ ಪ್ರಣವಾನಂದ ಸ್ವಾಮೀಜಿ ಮಂಗಳೂರಿನಿಂದ ಬೆಂಗಳೂರಿಗೆ ನಡೆದರು. ಈಡಿಗ, ಬಿಲ್ಲವ ಮೊದಲಾದ ಸಮುದಾಯಗಳ ಬೇಡಿಕೆಗಳ ಜೊತೆ ಕಳ್ಳು ಇಳಿಸುವ ಕುಲಕಸುಬಿನ ಹಕ್ಕೂ ಅದರಲ್ಲಿತ್ತು. ಒಂದು ಯಾತ್ರೆ ಅಂಗಡಿ ಮುಚ್ಚಿ ಎಂದಿತು, ಇನ್ನೊಂದು ಮರ ಹತ್ತಲು ಬಿಡಿ ಎಂದಿತು. ಎರಡನ್ನೂ ಎದುರುಬದುರು ನಿಲ್ಲಿಸುವುದು ಸುಲಭ. ಆದರೆ ಆ ಹೆಣ್ಣುಮಕ್ಕಳು ದೂರುತ್ತಿದ್ದುದು ಹಳ್ಳಿಯ ಕಿರಾಣಿ ಅಂಗಡಿ, ಖಾನಾವಳಿಗಳವರೆಗೂ ಬಂದು ಕೂತ ಅಗ್ಗದ ಬಾಟಲಿಯನ್ನು. ಗಂಡಸರ ದುಡಿಮೆಯನ್ನು ನುಂಗುವ ಆ ಬಾಟಲಿ ಯಾವ ಊರಿನದೂ ಅಲ್ಲ.

ಸೇಂದಿಯನ್ನು ಹಾಗೇ ಬಿಟ್ಟುಬಿಡಿ ಎಂದು ನಾನು ವಾದಿಸುತ್ತಿಲ್ಲ. ಕಾಫಿಗೆ ಏನು ಮಾಡಿದೆವೋ ಅದನ್ನು ನೆನೆಯಬೇಕು. ಗಿರಿಯ ಬೀಜಕ್ಕೆ ಇಂದಿನ ಮಾನ ಬರುವ ಹಿಂದೆ 1925ರಿಂದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವಿದೆ, ತಳಿಗಳ ದಾಖಲೆಯಿದೆ, ರುಚಿ ನೋಡಿ ಅಂಕ ಕೊಡುವವರಿದ್ದಾರೆ, ಯಾವ ತೋಟ ಯಾವ ವರ್ಷ ಎಂದು ಹಿಂದಕ್ಕೆ ಹೋಗಿ ಕೇಳಬಹುದಾದ ಕಾಗದವಿದೆ. ಈಚಲ ಮರಕ್ಕೆ ಅಬಕಾರಿ ಬಿಟ್ಟರೆ ಬೇರೆ ಖಾತೆಯೇ ಸಿಗಲಿಲ್ಲ. ಕಲಬೆರಕೆ ಪತ್ತೆಹಚ್ಚುವ ಪ್ರಯೋಗಾಲಯಕ್ಕೆ ಸೇಂದಿ ಹೋಗುವುದು ಜಪ್ತಿಯಾದ ಮೇಲೆ, ಸಾಕ್ಷ್ಯವಾಗಿ.

ಮುಲ್ಲಾಮಾರಿಯ ದಂಡೆಯಲ್ಲಿ ಈಚಲು ಈಗಲೂ ಬೆಳೆಯುತ್ತದೆ. ಗರಿಯಿಂದ ಕಸಬರಿಗೆ, ಚಾಪೆ ಮಾಡುತ್ತಾರೆ. ಹಣ್ಣು ಹುಡುಗರ ಪಾಲು. ಎಷ್ಟು ಆಳಕ್ಕೆ ಕೆತ್ತಬೇಕು, ಯಾವ ಮರಕ್ಕೆ ಎಷ್ಟು ದಿನ ವಿರಾಮ ಕೊಡಬೇಕು ಎಂದು ಬಲ್ಲವರು ಮುದುಕರಾಗಿದ್ದಾರೆ. ಆ ತಿಳಿವಳಿಕೆಯನ್ನು ಕಿರಿಯರಿಗೆ ಕೈಯಲ್ಲಿ ತೋರಿಸಬೇಕಾದರೆ ಮರ ಹತ್ತಬೇಕು, ಹತ್ತಿ ಕೆತ್ತಿದರೆ ಕೇಸು.